ಮಹಾಪ್ರಬಂಧ ನಿಮ್ಮ ಕೈಯಲ್ಲೇ ಇರಲಿ

ಮಾನಸಗಂಗೋತ್ರಿಯಿರಲಿ, ಜ್ಞಾನಭಾರತಿಯಿರಲಿ, ಧಾರವಾಡದ ಪಾವಟೆನಗರವಿರಲಿ, ವಿಶ್ವವಿದ್ಯಾನಿಲಯದ ಗೇಟು ದಾಟಿ ಹೊರಬಂದರೆ ಡಿಟಿಪಿ, ಝೆರಾಕ್ಸ್, ಬೈಂಡಿಂಗ್ ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳು ಕಾಣುತ್ತವೆ. ಸಾಹಿತ್ಯ, ಜಾನಪದ, ಇತಿಹಾಸ, ಸಮಾಜಶಾಸ್ತ್ರ ಹೀಗೆ ಯಾವುದೇ ವಿಷಯದಲ್ಲಿ ಕನ್ನಡದಲ್ಲೇ ಸಂಶೋಧನೆ ಮಾಡುವ ಬಹಳ ಮಂದಿಯ ಮಹಾಪ್ರಬಂಧ ರೂಪ ತಾಳುವುದು ಈ ಅಂಗಡಿಗಳಲ್ಲೇ. ಕೈಬರಹದ ಹಾಳೆಗಳು ಒಳಗೆ ಹೋಗುತ್ತವೆ, ಮೊದಲ ಪ್ರೂಫ್ ಬರುತ್ತದೆ, ಕೆಂಪು ಪೆನ್ನಿನಲ್ಲಿ ತಿದ್ದಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಎರಡನೇ ಅಧ್ಯಾಯದ ಒಂದು ಭಾಗವನ್ನು ನಾಲ್ಕನೆಯದಕ್ಕೆ ಸಾಗಿಸಿ ಎಂದು ಗೈಡ್ ಹೇಳಿದರೆ ವಿದ್ಯಾರ್ಥಿ ಮತ್ತೆ ಅಂಗಡಿಗೆ ಹೋಗಿ ಸರದಿ ಕಾಯಬೇಕು. ನಾಲ್ಕೈದು ವರ್ಷದ ಬರಹ ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ. ಬರೆದವರ ಬಳಿ ಇರುವುದು ಕಾಗದದ ಕಟ್ಟು ಮಾತ್ರ.

ಆ ಅಂಗಡಿಗಳವರ ಮೇಲೆ ನನಗೆ ಆಕ್ಷೇಪವಿಲ್ಲ. ಪುಟ ಕಟ್ಟುವುದರಲ್ಲಿ, ಕೋಷ್ಟಕ ಕೂರಿಸುವುದರಲ್ಲಿ ಅವರಿಗಿರುವ ಕೈಚಳಕ ದೊಡ್ಡದು. ಕೊನೆಯ ಗಳಿಗೆಯಲ್ಲಿ ರಾತ್ರಿಯೆಲ್ಲ ಕೂತು ಕೆಲಸ ಮುಗಿಸಿಕೊಟ್ಟವರನ್ನು ನಾನು ಬಲ್ಲೆ. ಆದರೆ ಬರಹವೇ ಅಲ್ಲಿ ಹುಟ್ಟಬಾರದು. ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧ ಬರೆಯುವವರಿಗೂ ಪಿಎಚ್.ಡಿ.ಗೆ ನೋಂದಣಿ ಮಾಡಿಸಿಕೊಂಡವರಿಗೂ ನಾನು ಹೇಳುವುದು ಒಂದೇ: ಮೊದಲ ತಿಂಗಳಲ್ಲೇ ಕನ್ನಡ ಟೈಪಿಂಗ್ ಕಲಿಯಿರಿ, ಅದೂ ಯೂನಿಕೋಡಿನಲ್ಲಿ. ಪುಸ್ತಕ ಓದುವುದು, ಕ್ಷೇತ್ರಕಾರ್ಯಕ್ಕೆ ಹೋಗುವುದು ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ.

ಕಲಿಯುವುದು ಕಷ್ಟವಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಕನ್ನಡ ಕೀಲಿಮಣೆ ಒಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಸಾಕು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಿಂದ ಇರುವ ಬರಹ ತಂತ್ರಾಂಶ, ಎರಡರ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಆಯ್ಕೆಯಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ ನಮ್ಮ ವರ್ಣಮಾಲೆಯ ತರ್ಕಕ್ಕೆ ಒಪ್ಪುವಂಥದ್ದು. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ, ನಡುವೆ ಎಫ್ ಒತ್ತಿದರೆ ಒತ್ತಕ್ಷರ. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಕೂತರೆ ಬೆರಳು ತಾನಾಗಿ ಓಡುತ್ತದೆ. ಅತಿಥಿ ಉಪನ್ಯಾಸಕರಾಗಿ ಎರಡು ಕಾಲೇಜುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ಸಂಶೋಧನೆ ಮಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಫೋನಿನ ಜಿಬೋರ್ಡ್ ಒಳ್ಳೆಯ ಸಂಗಾತಿ. ಅದರಲ್ಲೂ ಗೂಗಲ್ ಡಾಕ್ಸ್‌ನಲ್ಲೂ ಬಾಯಲ್ಲಿ ಹೇಳಿದ ಕನ್ನಡವನ್ನು ಅಕ್ಷರಕ್ಕಿಳಿಸುವ ಸೌಲಭ್ಯವಿದೆ. ವಿರಾಮಚಿಹ್ನೆ ಆಮೇಲೆ ಹಾಕಿಕೊಳ್ಳಬೇಕಾಗುತ್ತದೆ, ಹೆಸರುಗಳು ತಪ್ಪುತ್ತವೆ. ಆದರೂ ಮೊದಲ ಕರಡಿಗೆ ಅದು ಧಾರಾಳ ಸಾಕು.

ಯೂನಿಕೋಡೇ ಯಾಕೆ ಬೇಕು ಎಂಬುದನ್ನು ಬಿಡಿಸಿ ಹೇಳಬೇಕು. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪು ಮಾಡಿದಾಗ ಕಂಪ್ಯೂಟರು ಒಳಗೆ ಉಳಿಸಿಕೊಳ್ಳುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯದೊಂದು ಅಕ್ಷರ, ಚಿಕ್ಕ ಕ್ಯೂ, ಇನ್ನೊಮ್ಮೆ ಎ. ಈ ಏಳು ಚಿಹ್ನೆಗಳಿಗೆ ನುಡಿ ಫಾಂಟ್ ಕನ್ನಡದ ಆಕಾರ ತೊಡಿಸಿ ತೋರಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆಕಾರ ಕಳಚಿ ಬಿದ್ದು ಅರ್ಥವಿಲ್ಲದ ಗೀಟುಗಳು ಉಳಿಯುತ್ತವೆ. ಯೂನಿಕೋಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಜಾಗ ಮೀಸಲಾಗಿದೆ. ಕ ಎಂದರೆ ಯಾವ ಯಂತ್ರಕ್ಕೂ ಕ ಎಂದೇ ಗೊತ್ತು. ಹುಡುಕಿದರೆ ಸಿಗುತ್ತದೆ, ಫಾಂಟ್ ಬದಲಿಸಿದರೂ ಪದ ಕೆಡುವುದಿಲ್ಲ, ಕಣ್ಣು ಕಾಣದವರ ಕಂಪ್ಯೂಟರು ಅದನ್ನು ಓದಿ ಹೇಳಬಲ್ಲದು.

ಇದರ ಬೆಲೆ ಗೊತ್ತಾಗಬೇಕಾದರೆ ಒಮ್ಮೆ ವಚನ ಸಂಚಯ ತಾಣಕ್ಕೆ ಹೋಗಿ ನೋಡಿ. 20,000ಕ್ಕೂ ಹೆಚ್ಚು ವಚನಗಳು ಅಲ್ಲಿ ಯೂನಿಕೋಡ್ ಪಠ್ಯವಾಗಿವೆ. ‘ಬಯಲು’ ಎಂದು ಕೊಟ್ಟರೆ ಆ ಪದ ಬಳಸಿದ ವಚನಕಾರರು ಯಾರು, ಯಾವ ವಚನದಲ್ಲಿ ಎಂಬುದೆಲ್ಲ ಕ್ಷಣದಲ್ಲಿ ಮುಂದೆ ಬರುತ್ತದೆ. ಹಿಂದಿನ ತಲೆಮಾರಿನ ವಿದ್ವಾಂಸರು ಸಾವಿರಾರು ಚೀಟಿ ಬರೆದು, ಅಕಾರಾದಿಯಲ್ಲಿ ಜೋಡಿಸಿ ಇದೇ ಕೆಲಸ ಮಾಡುತ್ತಿದ್ದರು. ಆ ಚೀಟಿಯ ಶ್ರಮ ಉಳಿದ ಮೇಲೆ ನಮ್ಮ ಹೊತ್ತು ಅರ್ಥ ಹುಡುಕಲು ಮಿಗಬೇಕು.

ಯೂನಿಕೋಡ್ ಬಳಸಿದರೂ ಎಚ್ಚರ ಬೇಕಾದ ಕಡೆಗಳಿವೆ. ನಮ್ಮಲ್ಲಿ ತೀರ ಸಾಮಾನ್ಯವಾದದ್ದು ಸೊನ್ನೆಯ ಗೊಂದಲ. ಅನುಸ್ವಾರ ಬರಬೇಕಾದ ಕಡೆ ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿಬಿಡುತ್ತಾರೆ. ‘ಸಂಶೋಧನೆ’ ಮತ್ತು ‘ಸ೦ಶೋಧನೆ’ ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಪದ. ಸೊನ್ನೆ ಹಾಕಿದ ಪದ ಹುಡುಕಾಟದಲ್ಲಿ ಸಿಗುವುದೇ ಇಲ್ಲ. ಇದನ್ನು ಒಂದೇ ಏಟಿಗೆ ಬದಲಿಸಲು ಹೋಗಬೇಡಿ. ‘೨೦೦೪’ರಂಥ ನಿಜವಾದ ಅಂಕಿಗಳೊಳಗಿನ ಸೊನ್ನೆಯೂ ಅನುಸ್ವಾರವಾಗಿ ಕೂರುತ್ತದೆ. ಒಂದೊಂದಾಗಿ ನೋಡಿ ತಿದ್ದಬೇಕು, ಇಲ್ಲವೇ ಮೊದಲಿನಿಂದಲೇ ಸರಿಯಾದ ಕೀಲಿ ಒತ್ತುವ ರೂಢಿ ಮಾಡಿಕೊಳ್ಳಬೇಕು. ‘ರ‍್ಯಾಂಕ್’ ಎಂದು ಬರೆಯಲು ಹೋದಾಗ ಅರ್ಕಾವೊತ್ತು ಬಂದು ಕೂರುವುದು, ‘ಸಾಫ್ಟ್‌ವೇರ್’ ಪದದಲ್ಲಿ ಟ ಮತ್ತು ವ ಒಂದಕ್ಕೊಂದು ಅಂಟಿಕೊಳ್ಳುವುದು ಇನ್ನೊಂದು ತೊಡಕು. ಅಕ್ಷರಗಳನ್ನು ಬಿಡಿಸಲು ಕಣ್ಣಿಗೆ ಕಾಣದ ಎರಡು ಚಿಹ್ನೆಗಳಿವೆ. ನೀವು ಬಳಸುವ ಕೀಲಿಮಣೆಯಲ್ಲಿ ಅವು ಎಲ್ಲಿವೆ ಎಂದು ಮೊದಲೇ ಪತ್ತೆ ಮಾಡಿಟ್ಟುಕೊಳ್ಳಿ.

ಹಳಗನ್ನಡ, ಶಾಸನ ಕುರಿತು ಕೆಲಸ ಮಾಡುವವರಿಗೆ ಇನ್ನೂ ಒಂದು ಮಾತು. ೞ, ಱ ಎರಡೂ ಯೂನಿಕೋಡಿನಲ್ಲಿವೆ. ೞ ಅಕ್ಷರಕ್ಕೆ ಅಲ್ಲಿ ಅಧಿಕೃತವಾಗಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಯೂನಿಕೋಡಿನಲ್ಲಿ ಇಲ್ಲವಾದ್ದರಿಂದ ಅದು ಹಾಗೇ ಉಳಿದಿದೆ. ಅಕ್ಷರಪಟ್ಟಿಯಲ್ಲಿ ಹುಡುಕುವಾಗ ಗಲಿಬಿಲಿಯಾಗಬೇಡಿ. ನಕಾರ ಪೊಲ್ಲು 2021ರಲ್ಲಿ, 14ನೇ ಆವೃತ್ತಿಯಲ್ಲಿ ಸೇರಿತು. ಅದು ಎಲ್ಲ ಫಾಂಟುಗಳಲ್ಲೂ ಮೂಡುವುದಿಲ್ಲ, ಆದ್ದರಿಂದ ಬರೆಯಲು ತೊಡಗುವ ಮುನ್ನವೇ ನೋಟೋ ಮೊದಲಾದ ಫಾಂಟುಗಳಲ್ಲಿ ಪರೀಕ್ಷಿಸಿ ಒಂದನ್ನು ನಿಗದಿ ಮಾಡಿಕೊಳ್ಳಿ. ರ-ಱ, ಳ-ೞ ವ್ಯತ್ಯಾಸದ ಮೇಲೆಯೇ ವಾದ ಕಟ್ಟುವ ಅಧ್ಯಾಯದಲ್ಲಿ ಆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕ ಮೂಡಿದರೆ ವಾದವೇ ಉಳಿಯುವುದಿಲ್ಲ.

ಈಗಾಗಲೇ ಹಳೆಯ ಫಾಂಟಿನಲ್ಲಿ ನೂರಾರು ಪುಟ ಟೈಪಾಗಿದ್ದರೆ ಎದೆಗುಂದಬೇಕಾಗಿಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತವೆ. ಆದರೆ ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹೀಗಾಗಿ ‘ಧರ್ಮ’, ‘ಕಾರ್ಯ’ದಂಥ ಪದಗಳ ಮೇಲೆ ವಿಶೇಷವಾಗಿ ಕಣ್ಣಿಡಿ. ನಡುನಡುವೆ ಬಂದಿರುವ ಇಂಗ್ಲಿಷ್ ಹೆಸರುಗಳೂ ಪರಿವರ್ತನೆಗೊಂಡು ವಿಚಿತ್ರ ಕನ್ನಡವಾಗಿಬಿಡುತ್ತವೆ. ಅವನ್ನು ಮೊದಲೇ ಬೇರೆಡೆ ಗುರುತು ಹಾಕಿಟ್ಟುಕೊಳ್ಳಬೇಕು.

ಇದೆಲ್ಲ ಅನುಕೂಲದ ಮಾತಾಯಿತು. ನಿಯಮದ ಮಾತೂ ಇದೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮೂಲಕ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೂ ಎರಡು ವರ್ಷದ ರಿಯಾಯಿತಿಯಿದೆ. ಹೆರಿಗೆ ಮತ್ತು ಶಿಶುಪಾಲನೆಗೆ ಮಹಿಳೆಯರು 240 ದಿನಗಳವರೆಗೆ ರಜೆ ಪಡೆಯಬಹುದು. ಇದನ್ನು ತಿಳಿಯದೆ ನೋಂದಣಿ ಕೈಬಿಟ್ಟವರಿದ್ದಾರೆ, ಆದ್ದರಿಂದಲೇ ಇಲ್ಲಿ ಹೇಳುತ್ತಿದ್ದೇನೆ. ಮಹಾಪ್ರಬಂಧ ಸಲ್ಲಿಸುವಾಗ ಕೃತಿಚೌರ್ಯದ ತಪಾಸಣೆ ಕಡ್ಡಾಯ. ಪದವಿ ನೀಡುವ ಮುನ್ನ ಅದರ ಇ-ಪ್ರತಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಹೋಗಬೇಕು. ಶೋಧಗಂಗಾ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿರುವ ಭಂಡಾರ ಅವರದೇ.

ಕೃತಿಚೌರ್ಯದ ಬಗ್ಗೆ 2018ರ ಯುಜಿಸಿ ನಿಯಮ ಸ್ಪಷ್ಟವಾಗಿದೆ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗೆ ಹೋದರೆ ತಿದ್ದಿದ ಪ್ರತಿ ಸಲ್ಲಿಸಲು ಒಂದು ವರ್ಷ ಅವಕಾಶವಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಕರ ಹೇಳಿ ಕೊಟ್ಟ ಉಲ್ಲೇಖ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಇವು ಲೆಕ್ಕಕ್ಕೆ ಬರುವುದಿಲ್ಲ. ಸಾಮಾನ್ಯ ಜ್ಞಾನವೆನಿಸುವ ಅಥವಾ ಆಕಸ್ಮಿಕವಾಗಿ ಹೊಂದುವ ಮಾತು ಸತತ 14 ಪದಗಳವರೆಗೆ ಇದ್ದರೂ ಬಿಡುತ್ತಾರೆ. ಗೈಡ್ ಹೇಳುವವರೆಗೆ ಕಾಯದೆ ಈ ನಿಯಮವನ್ನು ನೀವೇ ಓದಿ. ನಿಮ್ಮ ಹಕ್ಕುಗಳೂ ಅದರಲ್ಲೇ ಇವೆ.

ಹಳೆಯ ಫಾಂಟಿನಲ್ಲಿ ಟೈಪಾದ ಪ್ರಬಂಧ ತಪಾಸಣೆಯ ಯಂತ್ರಕ್ಕೆ ಆ ಪೌಂಡು, ಓರೆಗೀಟುಗಳ ರಾಶಿಯಾಗಿಯೇ ಕಾಣುತ್ತದೆ. ಹೋಲಿಕೆ ಕಡಿಮೆ ಬರುತ್ತದೆ. ಇದನ್ನೇ ಒಂದು ಅನುಕೂಲವೆಂದು ಬಗೆದು, ಯೂನಿಕೋಡಿಗೆ ಹೋಗುವುದು ಬೇಡ ಎಂದು ಸಲಹೆ ಕೊಡುವವರಿದ್ದಾರೆ. ಈ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಕನ್ನಡದ ಸಂಶೋಧನೆಗೆ ಇದಕ್ಕಿಂತ ದೊಡ್ಡ ಅಪಕಾರ ಇನ್ನೊಂದಿಲ್ಲ. ಪ್ರಾಮಾಣಿಕವಾಗಿ ಬರೆದವರ ಕೆಲಸಕ್ಕೂ ನಕಲು ಮಾಡಿದವರ ಕೆಲಸಕ್ಕೂ ಅಲ್ಲಿ ಒಂದೇ ಅಂಕ ಬೀಳುತ್ತದೆ. ಅದೇ ಕಡತ ಶೋಧಗಂಗಾ ಸೇರಿದ ಮೇಲೆ ಅದರೊಳಗಿನ ಯಾವ ಪದವನ್ನು ಯಾರು ಹುಡುಕಿದರೂ ಸಿಗುವುದಿಲ್ಲ. ಎಂ. ಚಿದಾನಂದಮೂರ್ತಿಯವರ ಪಿಎಚ್.ಡಿ. ಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಪುಸ್ತಕವಾಗಿ ಬಂದು ತಲೆಮಾರುಗಳ ಕೈಗೆ ಸಿಕ್ಕಿತು. ಇಂದು ಎಲ್ಲ ಪ್ರಬಂಧಕ್ಕೂ ಪ್ರಕಾಶಕರು ಸಿಗುವುದಿಲ್ಲ. ನಿಮ್ಮ ಓದುಗರು ನಿಮ್ಮನ್ನು ಕಾಣಬೇಕಾದರೆ ಉಳಿದಿರುವುದು ಹುಡುಕಾಟದ ಆ ಒಂದು ಪೆಟ್ಟಿಗೆ. ಬಳ್ಳಾರಿಯ ಯಾವುದೋ ಹಳ್ಳಿಯ ದೇವತೆಯ ಬಗ್ಗೆ ನೀವು ಬರೆದ 40 ಪುಟ, ಅದೇ ದೇವತೆಯ ಬಗ್ಗೆ ಇನ್ನೆಲ್ಲೋ ಕೆಲಸ ಮಾಡುತ್ತಿರುವವರಿಗೆ ಸಿಗಬೇಡವೇ?

ಬರೆಯುವ ತಂತ್ರಾಂಶ ಯಾವುದೇ ಆಗಲಿ, ವರ್ಡ್ ಅಥವಾ ಉಚಿತವಾದ ಲಿಬ್ರೆ ಆಫೀಸ್, ಅದರಲ್ಲಿ ಕಲಿಯಲೇಬೇಕಾದ್ದು ಸ್ಟೈಲ್ ಎಂಬ ಸೌಲಭ್ಯ. ಅಧ್ಯಾಯದ ಹೆಸರನ್ನು ದಪ್ಪ ಮಾಡಿ, ದೊಡ್ಡದು ಮಾಡಿ, ನಡುವೆ ತಂದು ಕೂರಿಸುವ ಬದಲು ಅದಕ್ಕೆ ಹೆಡಿಂಗ್ ಸ್ಟೈಲ್ ಕೊಡಿ. ಪರಿವಿಡಿ ತಾನಾಗಿ ತಯಾರಾಗುತ್ತದೆ, ಪುಟ ಬದಲಾದರೆ ಅಂಕಿಗಳನ್ನೂ ಒಂದು ಒತ್ತಿಗೆ ಹೊಸದು ಮಾಡಬಹುದು. ಅಡಿಟಿಪ್ಪಣಿಯನ್ನು ಕೈಯಲ್ಲಿ ನಂಬರು ಹಾಕಿ ಬರೆಯಲೇಬೇಡಿ. ನಡುವೆ ಒಂದು ಸೇರಿದರೆ ಮುಂದಿನವನ್ನೆಲ್ಲ ಬದಲಿಸಬೇಕಾಗುತ್ತದೆ. ಫಾಂಟಿನ ಗಾತ್ರ ಬದಲಿಸಿದರೂ ಕನ್ನಡ ಮಾತ್ರ ಬದಲಾಗದೆ ನಿಂತರೆ ಹೆದರಬೇಡಿ. ಕನ್ನಡದಂಥ ಲಿಪಿಗಳ ಗಾತ್ರವನ್ನು ಈ ತಂತ್ರಾಂಶಗಳು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಬೇರೆ ಜಾಗದಲ್ಲಿ ಇಟ್ಟಿರುತ್ತವೆ, ಅಲ್ಲಿ ಬದಲಿಸಬೇಕು. ಗೈಡ್ ಕಂಪ್ಯೂಟರಿನಲ್ಲೇ ತಿದ್ದುವವರಾದರೆ ಟ್ರ್ಯಾಕ್ ಚೇಂಜಸ್ ಹಾಕಿಕೊಡಿ. ಕಾಗದದ ಮೇಲೆ ತಿದ್ದುವವರಾದರೆ ಆ ಹಾಳೆಗಳನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದು ಅಧ್ಯಾಯದ ಕಡತದ ಜೊತೆಗೇ ಇಟ್ಟುಕೊಳ್ಳಿ. ಹಿರಿಯರ ಅಂಚಿನ ಟಿಪ್ಪಣಿಯಲ್ಲಿ ಇಡೀ ಒಂದು ಲೇಖನಕ್ಕಾಗುವ ಹೊಳಹು ಇರುವುದುಂಟು.

ಆಕರಗಳ ಲೆಕ್ಕ ಇಡಲು ಝೊಟೆರೊ ಎಂಬ ಉಚಿತ ತಂತ್ರಾಂಶವನ್ನು ಶಿಫಾರಸು ಮಾಡುತ್ತೇನೆ. ಓದಿದ ಪುಸ್ತಕದ ವಿವರ ಒಮ್ಮೆ ತುಂಬಿದರೆ ಅಡಿಟಿಪ್ಪಣಿಗೂ ಗ್ರಂಥಸೂಚಿಗೂ ಅದೇ ಒದಗುತ್ತದೆ. ಆದರೆ ಕನ್ನಡದ ಹೆಸರುಗಳನ್ನು ಅದರ ಇಷ್ಟಕ್ಕೆ ಬಿಡಬಾರದು. ಅದು ಮನೆತನದ ಹೆಸರು ಒಂದು ಕಡೆ, ಸ್ವಂತ ಹೆಸರು ಇನ್ನೊಂದು ಕಡೆ ಕೇಳುತ್ತದೆ. ಕಲಬುರ್ಗಿ, ಜೋಶಿ, ಹಿರೇಮಠ ಎಂಬ ಹೆಸರುಗಳಿಗೆ ಅದು ಹೊಂದುತ್ತದೆ. ತೀ.ನಂ. ಶ್ರೀಕಂಠಯ್ಯನವರ ‘ತೀ’ ಊರು, ತೀರ್ಥಪುರ. ‘ನಂ’ ತಂದೆ, ನಂಜುಂಡಯ್ಯ. ಅಲ್ಲಿ ಮನೆತನದ ಹೆಸರೇ ಇಲ್ಲ. ಕುವೆಂಪು ಎಂಬುದನ್ನಂತೂ ಎರಡು ಭಾಗ ಮಾಡಲಾಗದು. ಇಂಥ ಕಡೆ ಹೆಸರಿಗೆ ಒಂದೇ ಖಾನೆ ಆಯ್ದುಕೊಳ್ಳುವ ಅವಕಾಶ ಝೊಟೆರೊದಲ್ಲಿದೆ. ಅದನ್ನೇ ಬಳಸಿ, ನಿಮ್ಮ ವಿಭಾಗದಲ್ಲಿ ರೂಢಿಯಲ್ಲಿರುವ ಕ್ರಮಕ್ಕೆ ಹೊಂದಿಸಿ. ಮೊದಲ ಪುಸ್ತಕದಿಂದ ಕೊನೆಯದರವರೆಗೆ ಒಂದೇ ಕ್ರಮ ಇದ್ದರಾಯಿತು. ಗ್ರಂಥಸೂಚಿಯಲ್ಲಿ ಒಬ್ಬರೇ ಲೇಖಕರು ಎರಡು ಅಕ್ಷರಗಳ ಅಡಿಯಲ್ಲಿ ಬಂದಿರುವ ಪ್ರಬಂಧಗಳನ್ನು ಓದುವಾಗ ಪರೀಕ್ಷಕರ ಮನಸ್ಸಿನಲ್ಲಿ ಉಳಿದ ಪುಟಗಳ ಮೇಲೂ ಅನುಮಾನ ಮೂಡುತ್ತದೆ.

ಹಳೆಯ ಪುಸ್ತಕಗಳ ವಿಷಯಕ್ಕೆ ಬಂದರೆ ನಾವು ಅದೃಷ್ಟವಂತರು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುವುದರಿಂದ, ಸಿಗದಿದ್ದರೆ ನಾಲ್ಕಾರು ಕಾಗುಣಿತದಲ್ಲಿ ಹುಡುಕಿ ನೋಡಬೇಕು. ಆ ಪುಟಗಳು ಚಿತ್ರಗಳು, ಪಠ್ಯವಲ್ಲ. ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳಾಗಿ ಬರುತ್ತದೆ. ಉಚಿತವಾದ ಟೆಸರಾಕ್ಟ್ ಕೂಡ ಕನ್ನಡ ಓದುತ್ತದೆ. ಹೀಗೆ ಬಂದ ಪಠ್ಯವನ್ನು ಮೂಲದೊಡನೆ ಹೋಲಿಸದೆ ಉಲ್ಲೇಖಕ್ಕೆ ಬಳಸಲೇಬಾರದು. ಮ ಮತ್ತು ವು, ದ ಮತ್ತು ಧ, ಪ ಮತ್ತು ಫ ಅದಲುಬದಲಾಗಿರುತ್ತವೆ.

ನಿಯತಕಾಲಿಕಗಳಿಗೆ 2025ರ ಜನವರಿ 1ರಿಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅದರಡಿ ಸಿಗುತ್ತವೆ. ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಮಾತ್ರ ಇರುತ್ತಿದ್ದದ್ದು ಈಗ ತಾಲ್ಲೂಕಿನ ಸರ್ಕಾರಿ ಸ್ನಾತಕೋತ್ತರ ಕೇಂದ್ರಕ್ಕೂ ಬರಲು ದಾರಿಯಾಗಿದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ, ಲಾಗಿನ್ ಹೇಗೆ ಎಂದು ಗ್ರಂಥಪಾಲಕರನ್ನು ಕೇಳಿ. ಗ್ರಂಥಪಾಲಕರ ಪರಿಚಯ ಮಾಡಿಕೊಳ್ಳದೆ ಎರಡು ವರ್ಷದ ಎಂ.ಎ. ಮುಗಿಸುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನು ಕಾಪಾಡಿಕೊಳ್ಳುವ ವಿಚಾರ. ಪೆನ್‌ಡ್ರೈವ್ ಸಾಗಿಸಲು ಇರುವ ಸಾಧನ, ಕೂಡಿಡಲು ಅಲ್ಲ. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಅಂತರಜಾಲದಲ್ಲಿ ಎಂಬುದು ಕಡತ ಕಾಪಾಡುವ ವೃತ್ತಿಯವರು ಪಾಲಿಸುವ ಕ್ರಮ. ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟೇ: ಲ್ಯಾಪ್‌ಟಾಪಿನಲ್ಲಿ ಒಂದು, ಮನೆಯಲ್ಲಿಟ್ಟ ಹಾರ್ಡ್ ಡಿಸ್ಕಿನಲ್ಲಿ ಒಂದು, ಗೂಗಲ್ ಡ್ರೈವ್‌ನಂಥ ಕಡೆ ಒಂದು. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ 15 ಜಿಬಿ ಕನ್ನಡ ಪಠ್ಯಕ್ಕೆ ಬೇಕಾದಷ್ಟಾಯಿತು. ಫೋಟೋ, ಧ್ವನಿಮುದ್ರಣಕ್ಕೆ ಮಾತ್ರ ಸಾಲದು. ವಿಶ್ವವಿದ್ಯಾನಿಲಯ ಕೊಟ್ಟ ಇಮೇಲ್ ಖಾತೆಯಲ್ಲೇ ಎಲ್ಲವನ್ನೂ ಇಟ್ಟಿದ್ದರೆ ಒಂದು ಎಚ್ಚರಿಕೆ: ಓದು ಮುಗಿದ ಮೇಲೆ ಆ ಖಾತೆಗಳು ಮುಚ್ಚಿಹೋಗುತ್ತವೆ. ವೈವಾ ಮುಗಿದ ಸಂಭ್ರಮದಲ್ಲಿ ಮರೆತು, ಕೆಲಸದ ಅರ್ಜಿಗೆ ಪ್ರಬಂಧದ ಕಡತ ಬೇಕಾದಾಗ ಪರದಾಡುವ ಸ್ಥಿತಿ ಬರಬಾರದು. ಕಡತದ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುಮಾಡಿ. ‘2025-08-14 ಅಧ್ಯಾಯ 3’ ಎಂದಿದ್ದರೆ ಹೊಸದು ಯಾವುದು, ಹಳೆಯದು ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕ್ಷೇತ್ರಕಾರ್ಯದ ಧ್ವನಿಮುದ್ರಣಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಧ್ಯಾಯ ಹೋದರೆ ಮತ್ತೆ ಬರೆಯಬಹುದು. ತೊಂಬತ್ತರ ಹತ್ತಿರದ ಅಜ್ಜಿ ಹಾಡಿದ ಕಥನಗೀತೆಯನ್ನು ಎರಡನೇ ಸಲ ಮುದ್ರಿಸಿಕೊಳ್ಳುವ ಅವಕಾಶ ಸಿಗದೇ ಹೋಗಬಹುದು. ಮುದ್ರಿಸಿಕೊಂಡ ಸಂಜೆಯೇ, ಆ ಊರಿನಿಂದ ಹೊರಡುವ ಮೊದಲೇ, ಇನ್ನೊಂದು ಕಡೆಗೆ ಪ್ರತಿ ಮಾಡಿ. ಮುದ್ರಣ ಶುರುವಾಗುತ್ತಲೇ ಊರು, ದಿನಾಂಕ, ಹಾಡುವವರ ಹೆಸರು ನಿಮ್ಮ ಬಾಯಲ್ಲೇ ಹೇಳಿ. ಅವರ ಒಪ್ಪಿಗೆಯೂ ಅದರಲ್ಲೇ ದಾಖಲಾಗಲಿ: ‘ಅಜ್ಜಿ, ಇದನ್ನ ನಾನು ಬರಕೊಳ್ಳಬಹುದಾ, ಬೇರೆಯವರಿಗೆ ಕೇಳಿಸಬಹುದಾ’ ಎಂದು ಕೇಳಿ, ಅವರು ಹೇಳಿದ ಉತ್ತರ. ಫೋನು ಏರೋಪ್ಲೇನ್ ಮೋಡಿನಲ್ಲಿರಲಿ. ಹಾಡಿನ ನಡುವೆ ಕರೆ ಬಂದರೆ ಮುದ್ರಣ ನಿಂತುಹೋಗಬಹುದು.

ಸೈಬರ್ ಸೆಂಟರಿನಲ್ಲಿ, ವಿಭಾಗದ ಹಂಚಿಕೆಯ ಕಂಪ್ಯೂಟರಿನಲ್ಲಿ ಕೆಲಸ ಮಾಡಿ ಎದ್ದು ಬರುವಾಗ ವಾಟ್ಸ್‌ಆ್ಯಪ್ ವೆಬ್, ಇಮೇಲ್ ಎರಡರಿಂದಲೂ ಹೊರಬನ್ನಿ. ವಿದ್ಯಾರ್ಥಿವೇತನದ ಅರ್ಜಿಗೆಂದು ಇಳಿಸಿಕೊಂಡ ಆಧಾರ್, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿಗಳನ್ನು ಡೌನ್‌ಲೋಡ್ಸ್ ಫೋಲ್ಡರಿನಿಂದಲೂ ರಿಸೈಕಲ್ ಬಿನ್ನಿನಿಂದಲೂ ಅಳಿಸಿ. ಆಧಾರ್ ಎಲ್ಲೇ ಕೊಡಬೇಕಾಗಿ ಬಂದರೂ, ಪೂರ್ತಿ ಸಂಖ್ಯೆ ಬೇಕೇ ಬೇಕು ಎನ್ನದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಬಹುದು. ಖಾತೆಗಳಿಂದ ಹೊರಬರುವ ಮಾತನ್ನು ಹಾಸ್ಟೆಲಿನ ಹುಡುಗಿಯರಿಗೆ ಒತ್ತಿ ಹೇಳುತ್ತೇನೆ, ಏಕೆಂದರೆ ತೆರೆದುಬಿಟ್ಟ ಒಂದು ಖಾತೆಯಿಂದ ಫೋಟೋ, ಫೋನ್ ನಂಬರು ಯಾರ ಕೈ ಸೇರುತ್ತದೆಂದು ತಿಳಿಯುವುದಿಲ್ಲ. ಇಮೇಲಿಗೆ ಎರಡು ಹಂತದ ಭದ್ರತೆ ಹಾಕಿಕೊಳ್ಳಲು ಐದು ನಿಮಿಷ ಸಾಕು.

ಲ್ಯಾಪ್‌ಟಾಪ್ ಯಾವುದು ಕೊಳ್ಳಲಿ ಎಂದು ಕೇಳುವವರಿಗೆ: ಬರೆಯಲು, ಓದಲು ದುಬಾರಿಯದು ಬೇಡ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಸಾಕು. ಅಣ್ಣನದೋ ಅಕ್ಕನದೋ ಹಳೆಯ ಲ್ಯಾಪ್‌ಟಾಪ್ ನಿಧಾನವಾಗಿದ್ದರೆ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಹಾಕಿಕೊಂಡು ನೋಡಿ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗುವ ಬದುಕಿನಲ್ಲಿ ಸಾಲ ಮಾಡಿ ಯಂತ್ರ ಕೊಳ್ಳುವುದು ಬೇಡ. ಉಳಿದ ಹಣ ಕ್ಷೇತ್ರಕಾರ್ಯದ ಬಸ್ ಚಾರ್ಜಿಗಾಗುತ್ತದೆ.

ಚಾಟ್‌ಜಿಪಿಟಿಯಂಥ ಸಾಧನಗಳನ್ನು ಈಗ ಎಲ್ಲರೂ ಬಳಸುತ್ತಿದ್ದಾರೆ. ಕಷ್ಟದ ಇಂಗ್ಲಿಷ್ ಲೇಖನವೊಂದರ ವಾದ ತಿಳಿಯಲು ಅದು ನೆರವಾಗುತ್ತದೆ. ಆದರೆ ಇಲ್ಲದ ಪುಸ್ತಕವನ್ನು, ಬರೆಯದ ಲೇಖನವನ್ನು ಪುಟಸಂಖ್ಯೆ ಸಮೇತ ಹೇಳುವ ದೋಷ ಅದಕ್ಕಿದೆ. ಕನ್ನಡದ ವಿಷಯದಲ್ಲಿ, ಅದರಲ್ಲೂ ಹಳಗನ್ನಡ ಮತ್ತು ಜಾನಪದದಲ್ಲಿ, ಈ ದೋಷ ಇನ್ನಷ್ಟು ಕಾಡುತ್ತದೆ. ಅದು ಹೇಳಿದ ಪ್ರತಿಯೊಂದು ಆಕರವನ್ನೂ ಗ್ರಂಥಾಲಯದಲ್ಲಿ ಕಣ್ಣಾರೆ ಕಾಣುವವರೆಗೆ ಪ್ರಬಂಧಕ್ಕೆ ಸೇರಿಸಬೇಡಿ. ಅದು ಬರೆದುಕೊಟ್ಟ ವಾಕ್ಯವನ್ನು ನಿಮ್ಮದೆಂದು ಸಲ್ಲಿಸುವುದಂತೂ ಬೇಡವೇ ಬೇಡ. ವೈವಾದಲ್ಲಿ ಆ ವಾಕ್ಯವನ್ನು ಸಮರ್ಥಿಸಿಕೊಳ್ಳಬೇಕಾದವರು ನೀವು.

ಸಲ್ಲಿಕೆಯ ಹೊತ್ತಿಗೆ ಅಂಗಡಿಗೆ ಹೋಗಿ, ಖಂಡಿತ ಹೋಗಿ. ಯೂನಿಕೋಡ್ ಕಡತ ಕೊಟ್ಟು, ಫಾಂಟ್ ಹೆಸರು ಹೇಳಿ, ಪುಟ ಕಟ್ಟಿಸಿ. ಹಳೆಯ ಫಾಂಟಿಗೆ ಬದಲಿಸಬೇಡಿ ಎಂದು ಮೊದಲೇ ಹೇಳಿ. ಕೆಲಸ ಮುಗಿದಾಗ ಪಿಡಿಎಫ್ ಜೊತೆ ತಿದ್ದಬಹುದಾದ ಮೂಲ ಕಡತವನ್ನೂ ಕೇಳಿ ತೆಗೆದುಕೊಳ್ಳಿ. ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಕನ್ನಡ ಸರಿಯಾಗಿ ಬಂದರೆ ಒಳ್ಳೆಯದು. ಯೂನಿಕೋಡ್ ಕಡತದಿಂದ ಮಾಡಿದ ಪಿಡಿಎಫ್‌ನಲ್ಲೂ ಕೆಲವೊಮ್ಮೆ ಒತ್ತಕ್ಷರಗಳು ಕೆಡುವುದುಂಟು. ಆಗ ಬೇರೆ ತಂತ್ರಾಂಶದಿಂದ ಪಿಡಿಎಫ್ ಮಾಡಿಸಿ ಮತ್ತೆ ಪರೀಕ್ಷಿಸಿ. ಶೋಧಗಂಗಾಕ್ಕೆ ಹೋಗುವ ಪ್ರತಿಯಂತೂ ಈ ಪರೀಕ್ಷೆ ದಾಟಿರಲೇಬೇಕು.

ಪದವಿ ಬಂದ ಮೇಲೂ ನಿಮ್ಮ ಬಳಿ ಪ್ರಬಂಧಕ್ಕಿಂತ ಹೆಚ್ಚಿನದು ಉಳಿದಿರುತ್ತದೆ: ಸಂಗ್ರಹಿಸಿದ ಹಾಡುಗಳು, ಬೆರಳಚ್ಚು ಮಾಡಿಕೊಂಡ ಹಳೆಯ ಕೃತಿಗಳು, ಪದಪಟ್ಟಿಗಳು. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕಳೆದರೆ ನಮ್ಮ ದೇಶದ ಕಾನೂನಿನಲ್ಲಿ ಕೃತಿಸ್ವಾಮ್ಯ ಮುಗಿಯುತ್ತದೆ. ಅಂಥ ಕೃತಿಯೊಂದನ್ನು ನೀವು ಅಭ್ಯಾಸಕ್ಕಾಗಿ ಟೈಪು ಮಾಡಿದ್ದರೆ ಕನ್ನಡ ವಿಕಿಸೋರ್ಸ್‌ಗೆ ಸೇರಿಸಿ. ಹಾಡಿದವರ ಒಪ್ಪಿಗೆಯಿದ್ದರೆ ಧ್ವನಿಮುದ್ರಣದ ಒಂದು ಪ್ರತಿಯನ್ನು ನಿಮ್ಮ ವಿಭಾಗಕ್ಕೂ ಇನ್ನೊಂದನ್ನು ಅವರ ಮನೆಯವರಿಗೂ ಕೊಡಿ. ಮನೆಯವರಿಗೆ ಕೊಡುವುದು ಅವರ ಫೋನಿನಲ್ಲಿ ತೆರೆಯುವ ಎಂಪಿ3 ರೂಪದಲ್ಲಿರಲಿ.